ಕಾರ್ಮಿಕರ ವಿಮೆ ಮತ್ತು ಡಾ. ಬಿ.ಆರ್. ಅಂಬೇಡ್ಕರ್

ವಿಜಯಪುರ ನಗರ, ತಿಕೋಟಾ ಹಾಗೂ ಬಬಲೇಶ್ವರ ತಾಲ್ಲೂಕುಗಳಿಂದ ಇ.ಎಸ್.ಐ. ಮತ್ತು ಭವಿಷ್ಯ ನಿಧಿ ಸೌಲಭ್ಯ ಕೋರುವವರಲ್ಲಿ ಕೆಲವರು ಇವುಗಳನ್ನು ಮಾಲೀಕರ ಔದಾರ್ಯವೆಂದು ಭಾವಿಸುವುದುಂಟು. ಇವು ಕಾನೂನುಬದ್ಧ ಹಕ್ಕುಗಳಾಗಿವೆ. ವಿಮೆಯ ಹಕ್ಕಿಗೆ ಅಡಿಪಾಯ ಹಾಕಿದ ಕಾಲದಲ್ಲಿ ಕೇಂದ್ರದ ಕಾರ್ಮಿಕ ಖಾತೆಯನ್ನು ನಿರ್ವಹಿಸಿದ ಡಾ. ಭೀಮರಾವ್ ರಾಮಜಿ ಅಂಬೇಡ್ಕರ್ ಅವರ ಜೀವನದ ಅಷ್ಟಾಗಿ ಪ್ರಚಾರದಲ್ಲಿಲ್ಲದ ಈ ಭಾಗವನ್ನು ಅರ್ಜಿದಾರರ ಮಾಹಿತಿಗಾಗಿ ನೀಡಲಾಗಿದೆ.

ಅಂಬೇಡ್ಕರ್ ಅವರು 1891ರ ಏಪ್ರಿಲ್ 14ರಂದು ಮಹೂ ದಂಡು ಪ್ರದೇಶದಲ್ಲಿ ಸುಬೇದಾರ್ ರಾಮಜಿ ಸಕ್ಪಾಲ್ ಅವರ ಮಗನಾಗಿ ಜನಿಸಿದರು. ತಂದೆ ಸೇನೆಯಿಂದ ನಿವೃತ್ತರಾದ ಮೇಲೆ ಕುಟುಂಬವು ಸಾತಾರಾದಲ್ಲಿ ನೆಲೆಸಿತು. ತಾಯಿ ಅವರ ಬಾಲ್ಯದಲ್ಲಿಯೇ ತೀರಿಕೊಂಡರು. ಬಡೋದೆ ಸಂಸ್ಥಾನದ ವಿದ್ಯಾರ್ಥಿವೇತನದಿಂದ 1913ರಲ್ಲಿ ಅಮೆರಿಕಕ್ಕೆ ತೆರಳಿ ಅರ್ಥಶಾಸ್ತ್ರವನ್ನೂ, ಅನಂತರ ಲಂಡನ್ನಿನಲ್ಲಿ ಕಾನೂನನ್ನೂ ವ್ಯಾಸಂಗ ಮಾಡಿದರು.

1928ರಲ್ಲಿ ಮುಂಬಯಿ ವಿಧಾನ ಪರಿಷತ್ತಿನಲ್ಲಿ ಹೆರಿಗೆ ಸೌಲಭ್ಯ ಮಸೂದೆಯು ಚರ್ಚೆಗೆ ಬಂದಾಗ ನಾಮಕರಣ ಸದಸ್ಯರಾಗಿದ್ದ ಅವರು ಅದನ್ನು ಬೆಂಬಲಿಸಿದರು. ತಾಯಿಗೆ ದೊರೆಯುವ ವಿಶ್ರಾಂತಿಯು ರಾಷ್ಟ್ರದ ಹಿತಕ್ಕೆ ಸಂಬಂಧಿಸಿದ್ದು, ಆದುದರಿಂದ ವೆಚ್ಚದಲ್ಲಿ ಸರ್ಕಾರಕ್ಕೂ ಹೊಣೆಯಿದೆ. ಆಕೆಯ ದುಡಿಮೆಯಿಂದ ಲಾಭ ಪಡೆಯುವ ಮಾಲೀಕನೂ ಅದರಿಂದ ಹೊರತಲ್ಲ ಎಂಬುದು ಅವರ ವಾದವಾಗಿತ್ತು. 1929ರಲ್ಲಿ ಕಾಯ್ದೆಯಾಯಿತು. ಅಂದಿನ ವಿಜಾಪುರ ಜಿಲ್ಲೆಯು ಇದೇ ಮುಂಬಯಿ ಪ್ರಾಂತಕ್ಕೆ ಸೇರಿತ್ತೆಂಬುದನ್ನು ಇಲ್ಲಿ ಸ್ಮರಿಸಬಹುದು.

1942ರ ಜುಲೈನಲ್ಲಿ ಅವರು ವೈಸರಾಯ್ ಕಾರ್ಯಾಂಗ ಮಂಡಳಿಯ ಕಾರ್ಮಿಕ ಸದಸ್ಯರಾದರು. ಅವರ ಅಧಿಕಾರಾವಧಿಯಲ್ಲಿ, 1943ರ ಮಾರ್ಚ್‌ನಲ್ಲಿ, ಕೈಗಾರಿಕಾ ಕಾರ್ಮಿಕರ ಆರೋಗ್ಯ ವಿಮೆಯ ಯೋಜನೆ ಸಿದ್ಧಪಡಿಸಲು ಪ್ರೊ. ಬಿ.ಪಿ. ಅಡಾರ್ಕರ್ ಅವರನ್ನು ಸರ್ಕಾರವು ನೇಮಿಸಿತು. 1944ರಲ್ಲಿ ವರದಿ ಸಲ್ಲಿಕೆಯಾಯಿತು. ವಾರಕ್ಕೆ 48 ಗಂಟೆಗಳ ದುಡಿಮೆಯ ಮಿತಿಯೂ 1946ರ ಕಾರ್ಖಾನೆ ತಿದ್ದುಪಡಿಯಿಂದ ಬಂದಿತು. ಅದೇ ವರ್ಷ ಅವರು ಆ ಹುದ್ದೆಯನ್ನು ತೊರೆದರು. ವಿಮೆಯ ಕೀರ್ತಿಯನ್ನು ಅವರೊಬ್ಬರಿಗೇ ಸಲ್ಲಿಸುವುದು ಅಡಾರ್ಕರ್ ಅವರಿಗೂ, ಮಸೂದೆಯನ್ನು ಮುಂದುವರಿಸಿದ ಜಗಜೀವನ ರಾಮ್ ಅವರಿಗೂ ಅನ್ಯಾಯವಾದೀತು. 1948ರಲ್ಲಿ ಕಾಯ್ದೆ ಜಾರಿಯಾಗಿ, ಯೋಜನೆಯು 1952ರ ಫೆಬ್ರವರಿ 24ರಂದು ಕಾನ್ಪುರ ಹಾಗೂ ದೆಹಲಿಯಲ್ಲಿ ಆರಂಭಗೊಂಡಿತು. ಭವಿಷ್ಯ ನಿಧಿಯ ಸುಗ್ರೀವಾಜ್ಞೆಯು 1951ರ ನವೆಂಬರ್‌ನಲ್ಲಿ, ಅವರು ಕಾನೂನು ಸಚಿವ ಸ್ಥಾನಕ್ಕೆ ರಾಜೀನಾಮೆ ನೀಡಿದ ಎರಡು ತಿಂಗಳೊಳಗೆ ಹೊರಬಿದ್ದಿತು.

1956ರ ನವೆಂಬರ್ 1ರಂದು ವಿಜಾಪುರ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ಐದು ವಾರಗಳ ನಂತರ, ಡಿಸೆಂಬರ್ 6ರಂದು, ಅವರು ದೆಹಲಿಯಲ್ಲಿ ನಿಧನರಾದರು.

2025ರ ನವೆಂಬರ್ 21ರಿಂದ ಈ ವಿಷಯಗಳಿಗೆ ಸಾಮಾಜಿಕ ಭದ್ರತಾ ಸಂಹಿತೆ, 2020 ಜಾರಿಗೆ ಬಂದಿದೆ. ಹತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ವಿಮೆಗೆ, ಇಪ್ಪತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಭವಿಷ್ಯ ನಿಧಿಗೆ ಒಳಪಡುತ್ತವೆ. ಆದರೆ ಹಂಗಾಮಿ ಕಾರ್ಖಾನೆಗಳಿಗೆ ವಿಮೆಯಿಂದ ವಿನಾಯಿತಿಯಿದೆ. ಸಕ್ಕರೆ ಮತ್ತು ಹತ್ತಿ ಅರಳೆಯ ಕೆಲಸ ಹೆಚ್ಚಾಗಿರುವ ನಮ್ಮ ಭಾಗದಲ್ಲಿ ಇದು ಸಣ್ಣ ಸಂಗತಿಯಲ್ಲ. ತಮ್ಮ ಕಾರ್ಖಾನೆಯು ಯಾವ ವರ್ಗಕ್ಕೆ ಸೇರಿದೆಯೆಂಬುದನ್ನು ಕಾರ್ಮಿಕರು ಮೊದಲು ತಿಳಿದುಕೊಳ್ಳತಕ್ಕದ್ದು. ಮಾಲೀಕರ ಪಾಲಿನ ವಂತಿಗೆಯನ್ನು ಕಾರ್ಮಿಕರ ವೇತನದಿಂದ ಕಡಿತಗೊಳಿಸುವಂತಿಲ್ಲ. ಮಾಲೀಕರು ವಿಮಾ ವಂತಿಗೆ ಕಟ್ಟದೆ ಬಾಕಿ ಉಳಿಸಿದ್ದಲ್ಲಿ, ನಿಗಮವು ಅರ್ಹ ಕಾರ್ಮಿಕರಿಗೆ ಸೌಲಭ್ಯ ನೀಡಿ, ಅದರ ಮೊತ್ತವನ್ನು ಮಾಲೀಕರಿಂದ ವಸೂಲು ಮಾಡಬಹುದಾಗಿದೆ. ಇಂತಹ ದೂರು ಸಲ್ಲಿಸುವವರು ವೇತನ ಚೀಟಿ ಹಾಗೂ ವಿಮಾ ಸಂಖ್ಯೆಯನ್ನು ಅರ್ಜಿಯೊಡನೆ ಲಗತ್ತಿಸುವುದು ಸೂಕ್ತ.