ದ್ರಾಕ್ಷಾರಸದ ಮರ್ಮವನ್ನರಿತ ಲೂಯಿ ಪಾಶ್ಚರ್

ಹಿಪ್ಪುನೇರಳೆಯ ತೋಟಗಳೂ ರೇಷ್ಮೆಹುಳುವಿನ ಮನೆಗಳೂ ತುಂಬಿರುವ ನಮ್ಮ ಕನಕಪುರ ಸೀಮೆಯಲ್ಲಿ ಲೂಯಿ ಪಾಶ್ಚರ್ ಎಂದೊಡನೆ ಹುಚ್ಚುನಾಯಿಯ ಕಡಿತಕ್ಕೆ ಲಸಿಕೆ ಕಂಡುಹಿಡಿದ ಮಹನೀಯರೆಂಬುದು ನೆನಪಿಗೆ ಬರುತ್ತದೆ. ಬಲಿಪೀಠದ ಮೇಲಿನ ದ್ರಾಕ್ಷಾರಸಕ್ಕೂ ನಮ್ಮ ರೈತರ ರೇಷ್ಮೆಗೂಡಿಗೂ ಅವರು ಸಲ್ಲಿಸಿದ ಸೇವೆಯನ್ನು ಬಲ್ಲವರು ವಿರಳ. ಈ ಶತಮಾನೋತ್ಸವದ ಸಂದರ್ಭದಲ್ಲಿ ಅದನ್ನು ಸ್ಮರಿಸುವುದು ಉಚಿತ.

ಪಾಶ್ಚರ್ ಅವರು 1822ರ ಡಿಸೆಂಬರ್ 27ರಂದು ಫ್ರಾನ್ಸ್ ದೇಶದ ದೋಲ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಚರ್ಮ ಹದಮಾಡುವ ಕಸುಬಿನವರು, ನೆಪೋಲಿಯನ್ನನ ಸೈನ್ಯದಲ್ಲಿದ್ದವರು. ಬಾಲ್ಯ ಕಳೆದದ್ದು ದ್ರಾಕ್ಷಿತೋಟಗಳಿಂದ ಸುತ್ತುವರಿದ ಆರ್ಬ್ವಾ ಪಟ್ಟಣದಲ್ಲಿ. 1848ರಲ್ಲಿ ಅವರು ಮಾಡಿದ ಮೊದಲ ಮಹತ್ವದ ಸಂಶೋಧನೆಯೂ ದ್ರಾಕ್ಷಾರಸದ ಪೀಪಾಯಿಗಳಲ್ಲಿ ಕಟ್ಟುವ ಹರಳುಗಳ ಆಮ್ಲಕ್ಕೆ ಸಂಬಂಧಿಸಿದ್ದೇ ಆಗಿತ್ತು.

ಆ ಕಾಲದಲ್ಲಿ ಫ್ರಾನ್ಸಿನ ದ್ರಾಕ್ಷಾರಸವು ಪೀಪಾಯಿಗಳಲ್ಲಿಯೇ ಹುಳಿಯಾಗಿ, ಕಹಿಯಾಗಿ, ಲೋಳೆಯಾಗಿ ಕೆಡುತ್ತಿತ್ತು. 1863ರಲ್ಲಿ ಚಕ್ರವರ್ತಿ ಮೂರನೆಯ ನೆಪೋಲಿಯನ್ ಇದರ ಕಾರಣವನ್ನು ಅರಸುವ ಹೊಣೆಯನ್ನು ಪಾಶ್ಚರರಿಗೆ ವಹಿಸಿದನು. ಅವರು ಆರ್ಬ್ವಾದಲ್ಲಿಯೇ ಪ್ರಯೋಗಶಾಲೆಯನ್ನು ಹೂಡಿ, ಪ್ರತಿಯೊಂದು ಕೆಡುಕಿನ ಹಿಂದೆಯೂ ಬರಿಗಣ್ಣಿಗೆ ಕಾಣದ ಜೀವಾಣುವಿದೆಯೆಂದು ಸೂಕ್ಷ್ಮದರ್ಶಕದಿಂದ ತೋರಿಸಿದರು. ರಸವನ್ನು 50ರಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗೆ ಅಲ್ಪಕಾಲ ಕಾಯಿಸಿದರೆ ಅದು ಕೆಡದು ಎಂದು ಸಾಧಿಸಿದರು. ಇಂದು ಹಾಲಿಗೆ ಬಳಸುವ ಪಾಶ್ಚರೀಕರಣದ ಮೂಲ ಇದೇ.

ಕಾಯಿಸಿದರೆ ರುಚಿ ಕೆಡುವುದೆಂದು ವ್ಯಾಪಾರಿಗಳು ಆಕ್ಷೇಪಿಸಿದರು. ಪಾಶ್ಚರ್ ಅವರು ನಿಪುಣರಾದ ರುಚಿಪರೀಕ್ಷಕರ ಮುಂದೆ ಕಾಯಿಸಿದ ರಸವನ್ನೂ ಕಾಯಿಸದ ರಸವನ್ನೂ ಇರಿಸಿದರು. ಮನಸ್ಸಿನ ಕಲ್ಪನೆಯು ನಾಲಿಗೆಯನ್ನು ಹೇಗೆ ಮೋಸಗೊಳಿಸುತ್ತದೆಂದು ಅರಿಯಲು, ತಿಳಿಸದೆಯೇ ಒಂದೇ ರಸವನ್ನು ಎರಡು ಲೋಟಗಳಲ್ಲಿ ಕೊಟ್ಟಾಗ ಅಲ್ಲಿಯೂ ಅವರು ಭೇದವನ್ನು ಕಂಡರು! ತಜ್ಞನಾದವನಿಗೂ ವಿನಯ ಬೇಕೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ.

ಹಳೆಯ ಕೆಂಪು ದ್ರಾಕ್ಷಾರಸ ಏಕೆ ಶ್ರೇಷ್ಠ? ಇದಕ್ಕೂ ಅವರು ಉತ್ತರ ಹುಡುಕಿದರು. ಗಾಜಿನ ಕೊಳವೆಗಳಲ್ಲಿ ಕೆಲವನ್ನು ಪೂರ್ಣವಾಗಿ, ಕೆಲವನ್ನು ಅರ್ಧ ತುಂಬಿಸಿ ಬೆಸೆದಿಟ್ಟರು. ಗಾಳಿಯಿದ್ದವುಗಳಲ್ಲಿ ಬಣ್ಣ ಬದಲಾಗಿ ಗಷ್ಟು ತಳವೂರಿತು. ಗಾಳಿಯಿಲ್ಲದವು ಮೊದಲಿನಂತೆಯೇ ಉಳಿದವು. ಗಾಳಿ ಒಮ್ಮೆಲೇ ನುಗ್ಗಿದರೆ ರಸ ಹಾಳಾಗುತ್ತದೆ. ಪೀಪಾಯಿಯ ಮರದ ಮೂಲಕ ವರ್ಷವರ್ಷವೂ ಅಣುಅಣುವಾಗಿ ಇಳಿದರೆ ಅದೇ ಗಾಳಿ ರಸವನ್ನು ಪಕ್ವಗೊಳಿಸುತ್ತದೆ. ಆದ್ದರಿಂದಲೇ ಪಕ್ವವಾದ ರಸವನ್ನು ಬಿಳಿಯ ಬಟ್ಟೆಯ ಮುಂದೆ ಹಿಡಿದರೆ ಅಂಚಿನಲ್ಲಿ ಇಟ್ಟಿಗೆಯ ಬಣ್ಣ ತೋರುತ್ತದೆ. ಎಳೆಯ ರಸದ ಒಗರು ಅಡಗಿ ನಾಲಿಗೆಗೆ ಮೃದುವಾಗುತ್ತದೆ. ಒಣಹಣ್ಣಿನ, ಒದ್ದೆ ಎಲೆಯ ಪರಿಮಳ ಏಳುತ್ತದೆ. ಗಷ್ಟು ಕದಡದಂತೆ ಮೆಲ್ಲನೆ ಬಗ್ಗಿಸಿ, ಮೊದಲು ಕಣ್ಣಿನಿಂದ, ಬಳಿಕ ಮೂಗಿನಿಂದ, ಕಡೆಗೆ ಒಂದು ಗುಟುಕಿನಿಂದ ಅರಿಯುವುದೇ ಬಲ್ಲವರ ಕ್ರಮ. ಹೀಗೆ ಸವಿಯುವುದು ಬೇರೆ, ಸಂಸಾರಗಳನ್ನು ಬೀದಿಗೆ ತರುವ ಕುಡಿತ ಬೇರೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಸಾಧನೆಯ ನಡುವೆಯೇ ಅವರ ಮನೆಯಲ್ಲಿ ಸಾವು ಹೊಕ್ಕಿತು. ಹಿರಿಯ ಮಗಳು 1859ರಲ್ಲಿಯೇ ತೀರಿಕೊಂಡಿದ್ದಳು. 1865ರಲ್ಲಿ ತಂದೆಯೂ ಎರಡು ವರ್ಷದ ಕೂಸೂ, 1866ರಲ್ಲಿ ಮತ್ತೊಬ್ಬ ಮಗಳೂ ಅಗಲಿದರು. ಅದೇ ವರ್ಷಗಳಲ್ಲಿ ಅವರು ರೇಷ್ಮೆಹುಳುಗಳನ್ನು ನಾಶಪಡಿಸುತ್ತಿದ್ದ ಗಂಟುರೋಗದ ಶೋಧದಲ್ಲಿ ತೊಡಗಿದ್ದರು. 1868ರಲ್ಲಿ ಪಾರ್ಶ್ವವಾಯು ಬಡಿದು ಎಡಭಾಗ ನಿಶ್ಶಕ್ತವಾದರೂ ಕೆಲಸ ಬಿಡಲಿಲ್ಲ. ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ರೋಗವಿದ್ದರೆ ಆ ಮೊಟ್ಟೆಗಳನ್ನು ನಾಶಪಡಿಸುವ ವಿಧಾನ ಅವರದು. ನಮ್ಮ ರೈತರು ಕೊಳ್ಳುವ ರೋಗರಹಿತ ಬಿತ್ತನೆ ಮೊಟ್ಟೆಯ ಹಿಂದೆ ಆ ದುಃಖಿತ ತಂದೆಯ ಶ್ರಮವಿದೆ.

1885ರ ಜುಲೈ 6ರಂದು ಹುಚ್ಚುನಾಯಿ ಕಡಿದಿದ್ದ ಜೋಸೆಫ್ ಮೈಸ್ಟರ್ ಎಂಬ ಬಾಲಕನಿಗೆ ಲಸಿಕೆ ಕೊಡಿಸಿ ಉಳಿಸಿದರು. 1895ರ ಸೆಪ್ಟೆಂಬರ್ 28ರಂದು ದಿವಂಗತರಾದರು. ಪ್ಯಾರಿಸ್ಸಿನ ನೋತ್ರ್ ದಾಮ್ ಮಹಾದೇವಾಲಯದಲ್ಲಿ ಅವರ ಅಂತ್ಯಸಂಸ್ಕಾರದ ಪೂಜೆ ನೆರವೇರಿತು.

ಬಲಿಪೂಜೆಯ ರಸವು ದ್ರಾಕ್ಷಿಯಿಂದಲೇ ಆದದ್ದು, ಕೆಡದೇ ಇರುವುದು ಆಗಿರಬೇಕೆಂಬುದು ಧರ್ಮಸಭೆಯ ವಿಧಿ. ಆ ರಸ ಹೇಗೆ ಕೆಡುತ್ತದೆ, ಹೇಗೆ ಪಕ್ವವಾಗುತ್ತದೆ ಎಂಬುದನ್ನು ಲೋಕಕ್ಕೆ ತಿಳಿಸಿದವರು ಪಾಶ್ಚರ್. ಒಮ್ಮೆಲೇ ಎರಗಿದ ದುಃಖಗಳೂ ಅವರನ್ನು ಕೆಡಿಸಲಿಲ್ಲ. ನೂರು ವರ್ಷಗಳ ಸುಖದುಃಖಗಳನ್ನು ಉಂಡ ವಿಶ್ವಾಸಿಗಳ ಸಮೂಹವೂ ಹಾಗೆಯೇ ಪಕ್ವವಾಗಲಿ.