ಕ್ರಾಮ್‌ವೆಲ್ಲನ ಕಡಿವಾಣ

ಆಲಿವರ್ ಕ್ರಾಮ್‌ವೆಲ್ಲನ ಹೆಸರು ನನ್ನ ಕಿವಿಗೆ ಮೊದಲು ಬಿದ್ದದ್ದು ಇತಿಹಾಸದ ತರಗತಿಯಲ್ಲಿ, ದೊರೆಯ ತಲೆಯನ್ನು ಕಡಿಸಿದವನೆಂದು. ಮುಂದೆ ನಾನೇ ಪಾಠ ಹೇಳುವವನಾದಾಗ ಅಷ್ಟೇ ಸಾಲದೆಂದು ತೋರಿತು. ಅವನ ರಣಕೌಶಲಕ್ಕೂ ಮತಸಹಿಷ್ಣುತೆಗೂ ಬೇರು ಒಂದೇ. ಎರಡೂ ಸೋತುದು ಒಂದೇ ನೆಲದಲ್ಲಿ.

1599ರಲ್ಲಿ ಹಂಟಿಂಗ್‌ಡನ್ನಿನ ಸಾಧಾರಣ ಜಮೀನುದಾರ ಮನೆತನದಲ್ಲಿ ಹುಟ್ಟಿದ ಈ ಪ್ಯೂರಿಟನ್, ನಡುವಯಸ್ಸಿನವರೆಗೂ ಹೊಲಗದ್ದೆ ನೋಡಿಕೊಂಡಿದ್ದವನು. ಒಂದನೆಯ ಚಾರ್ಲ್ಸ್ ದೊರೆಗೂ ಪಾರ್ಲಿಮೆಂಟಿಗೂ 1642ರಲ್ಲಿ ಯುದ್ಧ ಹತ್ತಿದಾಗ ಅವನಿಗೆ 43 ವರ್ಷ. ಅದುವರೆಗೆ ರಣರಂಗವನ್ನು ಕಂಡವನಲ್ಲ. ಊರಿನಲ್ಲಿ ಒಂದು ಕುದುರೆಪಡೆಯನ್ನು ಕಟ್ಟಿದನು. ಸೇರಬಂದವರ ಕುಲವನ್ನು ಕೇಳಲಿಲ್ಲ. ನಂಬಿಕೆಯ ದೃಢತೆಯನ್ನು ನೋಡಿದನು. ಭಿನ್ನಪಂಥದವನೆಂಬ ಶಂಕೆಯಿಂದ ಒಬ್ಬ ಅಧಿಕಾರಿಯನ್ನು ಸೇನೆಯಿಂದ ದೂರವಿಟ್ಟಾಗ, ನಿಷ್ಠೆಯಿಂದ ದುಡಿಯುವವನ ಮತವಿಚಾರ ರಾಜ್ಯಕ್ಕೆ ಸಂಬಂಧಿಸಿದ್ದಲ್ಲವೆಂದು 1644ರಲ್ಲಿ ವಾದಿಸಿದನು. ಅವನ ಸಹಿಷ್ಣುತೆ ಮೊಳೆತದ್ದು ಹೀಗೆ ಪಾಳೆಯದಲ್ಲಿ.

ಅವನ ಕೌಶಲದ ಗುಟ್ಟು ಸಂಯಮ. 1645ರ ಜೂನ್ 14ರಂದು ನೇಸ್ಬಿಯಲ್ಲಿ ದೊರೆಯ ಸೋದರಳಿಯ ರೂಪರ್ಟನ ರಾವುತರು ಎದುರಿನ ಪಕ್ಕದಳವನ್ನು ಮುರಿದು, ಓಡುವವರ ಬೆನ್ನಟ್ಟಿ ದೂರ ಹೋದರು. ಮರಳುವ ಹೊತ್ತಿಗೆ ಕಾಲ ಮಿಂಚಿತ್ತು. ಇನ್ನೊಂದು ಪಕ್ಕದಲ್ಲಿ ಕ್ರಾಮ್‌ವೆಲ್ಲನೂ ಎದುರಾಳಿಗಳನ್ನು ಮುರಿದನು. ಆದರೆ ಅಟ್ಟಲು ಕೆಲವರನ್ನಷ್ಟೆ ಬಿಟ್ಟು, ಉಳಿದವರ ಕಡಿವಾಣ ಎಳೆದು, ನಡುವಣ ಕಾಲಾಳುಗಳ ಮೇಲೆ ತಿರುಗಿಸಿದನು. ದೊರೆಯ ಮುಖ್ಯ ಸೇನೆ ಅಂದೇ ನಾಶವಾಯಿತು. ಗೆದ್ದ ಕ್ಷಣದಲ್ಲಿ ನಿಲ್ಲಬಲ್ಲ ಸೈನ್ಯ ಅಪರೂಪ.

ದೊರೆಯ ಮರಣದಂಡನೆ 1649ರ ಜನವರಿಯಲ್ಲಿ ನಡೆಯಿತು. ಅದೇ ಸೆಪ್ಟೆಂಬರಿನಲ್ಲಿ ಐರ್ಲೆಂಡಿನ ಡ್ರಾಹೆಡಾ ಪಟ್ಟಣ ಬಿದ್ದಾಗ ಮಾತ್ರ ಆ ಕೈ ಕಡಿವಾಣವನ್ನು ಬಿಟ್ಟುಕೊಟ್ಟಿತು. ಆಯುಧ ಹಿಡಿದ ಯಾರನ್ನೂ ಉಳಿಸಬಾರದೆಂದು ಕಾಳಗದ ಕಾವಿನಲ್ಲಿ ಆಜ್ಞಾಪಿಸಿದುದಾಗಿ ಅವನೇ ಬರೆದನು. ಸಾವಿರಾರು ಮಂದಿ ಸತ್ತರು; ಕೈಗೆ ಸಿಕ್ಕ ಕ್ಯಾಥೊಲಿಕ್ ಪಾದ್ರಿಗಳೂ ಉಳಿಯಲಿಲ್ಲ. ಅದನ್ನು ಅವನು ದೇವರ ನ್ಯಾಯದ ತೀರ್ಪೆಂದು ಬಗೆದನು.

1653ರಲ್ಲಿ ಲಾರ್ಡ್ ಪ್ರೊಟೆಕ್ಟರನಾದ ಮೇಲೆ ಹಲವು ಪ್ರಾಟೆಸ್ಟೆಂಟ್ ಪಂಥಗಳಿಗೆ ನೆರಳು ದೊರೆಯಿತು. 1290ರಲ್ಲಿ ಇಂಗ್ಲೆಂಡಿನಿಂದ ಹೊರದೂಡಲ್ಪಟ್ಟಿದ್ದ ಯೆಹೂದ್ಯರ ಪರವಾಗಿ ಮೆನಾಸೆ ಬೆನ್ ಇಸ್ರೇಲ್ ಎಂಬ ಗುರು 1655ರಲ್ಲಿ ಬಂದು ಬೇಡಿದನು. ಕರೆಸಿದ ಸಭೆ ಒಮ್ಮತಕ್ಕೆ ಬರಲಿಲ್ಲ; ಆದರೂ ಕ್ರಾಮ್‌ವೆಲ್ಲನ ಆಶ್ರಯದಲ್ಲಿ ಲಂಡನ್ನಿನ ಯೆಹೂದ್ಯರು ಮರುವರ್ಷದಿಂದ ನಿರಾತಂಕವಾಗಿ ಪ್ರಾರ್ಥಿಸತೊಡಗಿದರು. ಆದರೆ ಕ್ಯಾಥೊಲಿಕರ ಬಹಿರಂಗ ಪೂಜೆಗೆ ಆ ನೆರಳಿನಲ್ಲಿ ಎಡೆಯಿರಲಿಲ್ಲ.

ಅವನು 1658ರಲ್ಲಿ ತೀರಿಕೊಂಡನು. 1661ರಲ್ಲಿ ರಾಜಪಕ್ಷದವರು ಹೆಣವನ್ನು ಅಗೆದು ತೆಗೆದು ಗಲ್ಲಿಗೇರಿಸಿ, ತಲೆಯನ್ನು ಕಂಬಕ್ಕೆ ಸಿಕ್ಕಿಸಿದರು. ಆ ತಲೆ ಅವನು ಓದಿದ ಕೇಂಬ್ರಿಜ್ಜಿನ ಕಾಲೇಜಿನಲ್ಲಿ ಮಣ್ಣುಗೂಡಿದ್ದು 1960ರಲ್ಲಿ.

ಅವನು ಮಹಾತ್ಮನೋ ಕ್ರೂರಿಯೋ ಎಂದು ವಿದ್ಯಾರ್ಥಿಗಳು ನನ್ನನ್ನು ಕೇಳುವುದುಂಟು. ನೇಸ್ಬಿಯನ್ನೂ ಡ್ರಾಹೆಡಾವನ್ನೂ ಒಟ್ಟಿಗೆ ಓದಿರೆಂದು ಹೇಳುತ್ತೇನೆ. ತನಗೆ ಸಮೀಪವಾದ ನಂಬಿಕೆಯನ್ನು ಸಹಿಸುವುದು ಅವನಿಗೆ ಸುಲಭವಾಗಿತ್ತು. ತಾನು ಅಂಜಿದ, ಹೇಸಿದ ನಂಬಿಕೆಯ ಮುಂದೆ ಅವನ ಸಂಯಮ ಸೋತಿತು. ಈ ಪರೀಕ್ಷೆಯಲ್ಲಿ ನಾವು ತೇರ್ಗಡೆಯಾಗಿದ್ದೇವೆಂದು ಹೇಳಲು ನನಗೆ ಧೈರ್ಯ ಸಾಲದು.