ಭೂವಿಜ್ಞಾನಿ ಕೈಲಾಸಂ: ಬದುಕು, ಪ್ರಹಸನ ಮತ್ತು ಪಠ್ಯದ ಪ್ರಶ್ನೆ

ಮೈಸೂರು ಸಂಸ್ಥಾನದಲ್ಲಿ ಭೂವಿಜ್ಞಾನಕ್ಕೆ ಪ್ರತಿಷ್ಠೆ ತಂದುಕೊಟ್ಟದ್ದು ಕೋಲಾರದ ಚಿನ್ನದ ಗಣಿಗಳು. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿಯ ಆಡಳಿತದಲ್ಲಿ ಅವು ಬೆಳೆದವು. ಅಂದು ಬೌರಿಂಗ್‌ಪೇಟೆ ಎನಿಸಿದ್ದ ಬಂಗಾರಪೇಟೆಯಿಂದ ಗಣಿಗಳಿಗೆ ರೈಲುದಾರಿ ಬಂತು. 1894ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅವರ ನೇತೃತ್ವದಲ್ಲಿ ಸರ್ಕಾರ ಪ್ರತ್ಯೇಕ ಭೂವಿಜ್ಞಾನ ಇಲಾಖೆಯನ್ನೇ ತೆರೆಯಿತು. ಟಿ. ಪಿ. ಕೈಲಾಸಂ (1884-1946) ಅವರು ಉದ್ಯೋಗಕ್ಕೆ ಸೇರಿದ್ದು ಈ ಇಲಾಖೆಯಲ್ಲಿ. ನ್ಯಾಯಾಧೀಶ ಪರಮಶಿವ ಅಯ್ಯರ್ ಅವರ ಮಗ, ಮನೆಮಾತು ತಮಿಳು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, ಭೂವಿಜ್ಞಾನದ ಉನ್ನತ ವ್ಯಾಸಂಗಕ್ಕೆ ಲಂಡನ್ನಿಗೆ ತೆರಳಿ, 1915ರಲ್ಲಿ ಮರಳಿದರು. ಲಂಡನ್ನಿನಿಂದ ಶಾಸ್ತ್ರದೊಡನೆ ರಂಗಭೂಮಿಯ ಹುಚ್ಚೂ ಬಂದಿತ್ತು. ಕೆಲವೇ ವರ್ಷಗಳಲ್ಲಿ ನೌಕರಿಯನ್ನು ತೊರೆದರು.

ಈ ಹಿನ್ನೆಲೆಯಲ್ಲಿ 1918ರ ಸುಮಾರಿನ 'ಟೊಳ್ಳು-ಗಟ್ಟಿ'ಯನ್ನು ನೋಡಬೇಕು. ಓದಿನಲ್ಲಿ ಮುಂದಿರುವ ಪುಟ್ಟು ಟೊಳ್ಳು. ಪರೀಕ್ಷೆಯಲ್ಲಿ ಹಿಂದುಳಿದರೂ ಮನೆಯವರ ಕಷ್ಟಕ್ಕೆ ಒದಗುವ ಮಾಧು ಗಟ್ಟಿ. ಪರೀಕ್ಷೆಗಳನ್ನು ಗೆದ್ದು ವಿಲಾಯತಿಗೆ ಹೋಗಿಬಂದ ವ್ಯಕ್ತಿಯೇ ಆ ಗೆಲುವನ್ನು ಶಂಕಿಸುತ್ತಾನೆ. ಆದ್ದರಿಂದ ಕೈಲಾಸಂ ಅವರನ್ನು ಬರಿಯ ನಗೆಗಾರರೆಂದು ಬದಿಗಿಡುವ ವಿಮರ್ಶೆ ನನಗೆ ಒಪ್ಪಿಗೆಯಾಗದು. 'ಬಂಡ್ವಾಳ್ವಿಲ್ಲದ ಬಡಾಯಿ'ಯ ವಕೀಲ ಅಹೋಬ್ಲು ಸಹ ಇಂಗ್ಲಿಷ್ ವಿದ್ಯೆ ಹುಟ್ಟಿಸಿದ ಜಂಬದ ಪ್ರತಿನಿಧಿಯೇ.

ಆ ಜಂಬವನ್ನು ಹಿಡಿಯಲು ಗ್ರಾಂಥಿಕ ಕನ್ನಡ ಒದಗುತ್ತಿರಲಿಲ್ಲ. ಕಂಪನಿ ನಾಟಕಗಳ ಹಾಡು, ಸಂಸ್ಕೃತಭೂಯಿಷ್ಠ ಸಂಭಾಷಣೆಗಳನ್ನು ಬಿಟ್ಟು, ಬೆಂಗಳೂರು-ಮೈಸೂರಿನ ಬ್ರಾಹ್ಮಣ ಮನೆಗಳ ಇಂಗ್ಲಿಷ್ ಬೆರೆತ ಆಡುಮಾತನ್ನು ಅವರು ರಂಗಕ್ಕೆ ತಂದರು. ಮಿತಿಯೂ ಇಲ್ಲಿಯೇ ಇದೆ: ಆ ಮನೆಗಳ ಆಚೆಗೆ ಈ ಹಾಸ್ಯ ಅಷ್ಟು ಸುಲಭವಾಗಿ ಸಾಗದು. ಕರ್ಣ, ಏಕಲವ್ಯರಂಥ ಪುರಾಣಪಾತ್ರಗಳಿಗೆ ಮಾತ್ರ ಅವರು ಇಂಗ್ಲಿಷನ್ನು ಆರಿಸಿಕೊಂಡರು. ಗಂಭೀರ ದುರಂತಕ್ಕೆ ಕನ್ನಡ ಸಾಲದೆಂದು ಭಾವಿಸಿದರೇ? ಈ ವಿಭಜನೆಯನ್ನು ಯಾರಾದರೂ ವಿಸ್ತಾರವಾಗಿ ಶೋಧಿಸಬೇಕಾಗಿದೆ.

ಅದಕ್ಕೂ ಮೊದಲು ಪಠ್ಯದ ಪ್ರಶ್ನೆಯಿದೆ. ಕೈಲಾಸಂ ಬರೆಯುವುದಕ್ಕೆ ಸೋಮಾರಿ, ಹೇಳುವುದರಲ್ಲಿ ಧಾರಾಳಿ. ಗೆಳೆಯರ ನಡುವೆ ಪಾತ್ರಗಳ ಮಾತನ್ನು ತಾವೇ ಅಭಿನಯಿಸುತ್ತಾ ಹೇಳುತ್ತಿದ್ದರು, ಕೇಳಿದವರು ಬರೆದುಕೊಂಡರು. ಮುದ್ರಿತ ನಾಟಕದ ಒಂದೊಂದು ಮೊಟಕು ಸ್ವರ, ಒತ್ತಕ್ಷರ ಅವರ ಉಚ್ಚಾರಣೆಯದೋ ಬರಹಗಾರನ ಕಿವಿಯದೋ ಎಂಬುದನ್ನು ನಿರ್ಣಯಿಸದೆ ಅವರ ಭಾಷೆಯನ್ನು ಕುರಿತ ಯಾವ ತೀರ್ಮಾನವೂ ನಿಲ್ಲದು. 1945ರಲ್ಲಿ ಮದರಾಸಿನ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದ ಮರುವರ್ಷವೇ ಅವರು ತೀರಿಕೊಂಡರು. ಆ ಬಳಿಕ ಸಂಪಾದಕರಿಗೆ ಉಳಿದದ್ದು ಬರೆದುಕೊಂಡವರ ಪ್ರತಿಗಳು ಮತ್ತು ಕೇಳಿದವರ ನೆನಪು.